ಲಂಡನ್ನಿನ ಪೋಲೀಸರೂ ಜನರ ನಂಬಿಕೆಯೂ

ಊಟ ಒಲ್ಲೆನೆಂದು ರಚ್ಚೆ ಹಿಡಿದ ಮಗುವಿಗೆ ನಮ್ಮ ತಾಯಂದಿರು ಹೇಳುವ ಮಾತು ನಿಮಗೆಲ್ಲ ಗೊತ್ತಿರುವುದೇ: “ಸುಮ್ಮನಿರದಿದ್ದರೆ ಪೋಲೀಸಿನವರಿಗೆ ಹಿಡಿದುಕೊಡುತ್ತೇನೆ.” ಗುಮ್ಮನನ್ನೂ ಪೋಲೀಸಿನವನನ್ನೂ ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇವೆ. ಮಗು ಬೆಳೆದು ದೊಡ್ಡದಾದ ಮೇಲೂ ಈ ಭಯ ಪೂರ್ತಿಯಾಗಿ ಬಿಡುವುದಿಲ್ಲ. “ನಮ್ಮ ಮನೆತನದಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತಿದವರಲ್ಲ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹಿರಿಯರು ಎಲ್ಲ ಊರುಗಳಲ್ಲಿಯೂ ಉಂಟು. ಕಳ್ಳತನ ಮಾಡಿ ಸಿಕ್ಕಿಬಿದ್ದವರಲ್ಲ ಎಂಬುದಷ್ಟೇ ಈ ಮಾತಿನ ಅರ್ಥವಲ್ಲ. ಮನೆಯಲ್ಲಿ ಕಳ್ಳತನವಾದಾಗಲೂ ದೂರು ಕೊಡಲು ಹೋಗಲಿಲ್ಲ ಎಂಬ ಅರ್ಥವೂ ಅದರೊಳಗೆ ಅಡಗಿದೆ.

ನಮ್ಮನ್ನು ಕಾಯಲೆಂದು ನಮ್ಮದೇ ತೆರಿಗೆಯ ಹಣದಿಂದ ಸಂಬಳ ಕೊಟ್ಟು ಇಟ್ಟುಕೊಂಡವರನ್ನು ಕಂಡು ನಾವೇ ಹೆದರುವುದೇಕೆ? ಈ ಪ್ರಶ್ನೆ ಎದ್ದಾಗಲೆಲ್ಲ ನಮ್ಮಲ್ಲಿ ಕೆಲವರು ಲಂಡನ್ನಿನ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿಯ ಪೋಲೀಸಿನವನು ಬಂದೂಕವಿಲ್ಲದೆ ಬೀದಿಯಲ್ಲಿ ನಡೆಯುತ್ತಾನಂತೆ, ದಾರಿ ಕೇಳಿದರೆ ನಗುಮುಖದಿಂದ ಹೇಳುತ್ತಾನಂತೆ, ಅದೆಲ್ಲ ಆ ಜನರ ಹುಟ್ಟುಗುಣವಂತೆ! ಚರಿತ್ರೆಯನ್ನು ತೆರೆದು ನೋಡಿದರೆ ಈ ಕೊನೆಯ ಮಾತು ನಿಲ್ಲುವುದಿಲ್ಲ. ಲಂಡನ್ನಿನ ಜನ ತಮ್ಮ ಪೋಲೀಸರನ್ನು ಹೃತ್ಪೂರ್ವಕವಾಗಿ ದ್ವೇಷಿಸಿದ ಕಾಲವೊಂದಿತ್ತು. ಪೇದೆಯೊಬ್ಬನನ್ನು ನಡುಬೀದಿಯಲ್ಲಿ ಇರಿದು ಕೊಂದದ್ದು ನ್ಯಾಯವೇ ಸರಿ ಎಂದು ಹದಿನೇಳು ಮಂದಿ ಗೃಹಸ್ಥರು ಪ್ರಮಾಣಪೂರ್ವಕವಾಗಿ ತೀರ್ಪು ಕೊಟ್ಟರು. ಊರಿನ ಜನ ಅವರಿಗೆ ಔತಣವಿಟ್ಟು ಪದಕ ಕೊಟ್ಟು ಮೆರೆಸಿದರು. ಆ ದ್ವೇಷ ಹೇಗೆ ಕರಗಿತೆಂಬುದು ತಿಳಿಯಬೇಕಾದ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನು ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಹಾನಗರ. ಅದನ್ನು ರಾತ್ರಿ ಕಾಯುತ್ತಿದ್ದವರು ಆಯಾ ಕೇರಿಯವರು ನೇಮಿಸಿಕೊಂಡ ಪಹರೆಯವರು. ಕೈಯಲ್ಲಿ ಲಾಂದ್ರ, ಮತ್ತೊಂದು ಕೈಯಲ್ಲಿ ಕೋಲು. ಗಂಟೆಗೊಮ್ಮೆ ಹೊತ್ತೆಷ್ಟೆಂದು ಕೂಗುವುದು, ಉಳಿದ ಹೊತ್ತು ಮರದ ಗೂಡಿನಲ್ಲಿ ತೂಕಡಿಸುವುದು. ಬಹುಮಂದಿ ವಯಸ್ಸಾದವರು. ಪಹರೆಯವನು ಒಳಗಿರುವಂತೆಯೇ ಗೂಡನ್ನು ಉರುಳಿಸಿ ಓಡಿಹೋಗುವುದು ಕುಡಿದ ಶ್ರೀಮಂತ ತರುಣರ ವಿನೋದ. ದೊಡ್ಡ ಗಲಭೆಯಾದರೆ ಸೈನ್ಯವನ್ನೇ ಕರೆಯಬೇಕು. ೧೭೮೦ರ ಗಾರ್ಡನ್ ದಂಗೆಯಲ್ಲಿ ಸೈನ್ಯದ ಗುಂಡಿಗೆ ಸುಮಾರು ಮುನ್ನೂರು ಜನ ಬಲಿಯಾದರು.

ಹೀಗಿದ್ದರೂ ಒಂದು ಪೋಲೀಸು ಪಡೆ ಬೇಕೆಂದರೆ ಇಂಗ್ಲಿಷರು ಬೆಚ್ಚಿಬೀಳುತ್ತಿದ್ದರು. ಪೋಲೀಸೆಂದರೆ ಅವರ ಕಣ್ಣಿಗೆ ಕಾಣುತ್ತಿದ್ದುದು ಫ್ರಾನ್ಸಿನಲ್ಲಿ ನೆಪೋಲಿಯನ್ನನ ಮಂತ್ರಿ ಫೂಷೆ ಕಟ್ಟಿದ್ದ ಗೂಢಚಾರರ ಜಾಲ. ಮನೆಯ ಮಾತು ಸರ್ಕಾರದ ಕಿವಿಗೆ ಬೀಳುವುದಕ್ಕಿಂತ ಒಂದಿಷ್ಟು ಕಳ್ಳತನವಾಗುವುದೇ ವಾಸಿ ಎಂಬುದು ಅವರ ಲೆಕ್ಕಾಚಾರ. ೧೮೨೨ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಕೂಡ ಈ ವಿಷಯವನ್ನೆಲ್ಲ ವಿಚಾರ ಮಾಡಿ, ಸ್ವತಂತ್ರ ಜನರಿಗೆ ಇಂಥ ಪಡೆ ಒಗ್ಗುವುದಿಲ್ಲವೆಂದು ಕೈ ತೊಳೆದುಕೊಂಡಿತು.

ಅದೇ ವರ್ಷ ಗೃಹಮಂತ್ರಿಯಾಗಿ ಬಂದವನು ರಾಬರ್ಟ್ ಪೀಲ್. ಅದಕ್ಕೆ ಮೊದಲು, ೧೮೧೨ರಿಂದ ೧೮೧೮ರವರೆಗೆ, ಅವನು ಐರ್ಲೆಂಡಿನ ಆಡಳಿತವನ್ನು ನಡೆಸಿದ್ದನು. ಅಲ್ಲಿಯ ರೈತರ ದಂಗೆಗಳನ್ನು ಅಡಗಿಸಲು ೧೮೧೪ರಲ್ಲಿ ಒಂದು ಪಡೆಯನ್ನೂ ಕಟ್ಟಿದ್ದನು. ಈ ಐರ್ಲೆಂಡಿನ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ನಮಗೆ ಬೇಕಾಗುತ್ತದೆ. ಪೀಲ್ ಏಳು ವರ್ಷ ತಾಳ್ಮೆಯಿಂದ ಕಾದು, ೧೮೨೯ರ ಜೂನಿನಲ್ಲಿ ಲಂಡನ್ನಿಗಾಗಿ ಪೋಲೀಸು ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿಕೊಂಡನು. ಅದೇ ಸೆಪ್ಟೆಂಬರ್ ೨೯ರ ಸಂಜೆ ಹೊಸ ಪೋಲೀಸರು ಮೊದಲ ಗಸ್ತಿಗೆ ಹೊರಟರು.

ಪಡೆಯ ಮೇಲೆ ಇಬ್ಬರು ಕಮೀಷನರುಗಳು. ಒಬ್ಬನು ವಾಟರ್ಲೂ ಯುದ್ಧದಲ್ಲಿ ಗಾಯಗೊಂಡಿದ್ದ ಕರ್ನಲ್ ಚಾರ್ಲ್ಸ್ ರೋವನ್. ಇನ್ನೊಬ್ಬನು ಐರಿಷ್ ವಕೀಲ ರಿಚರ್ಡ್ ಮೇಯ್ನ್, ಆಗಿನ್ನೂ ಮೂವತ್ತೆರಡರ ಪ್ರಾಯದವನು. ಜನರ ಸಂಶಯವೇನೆಂಬುದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಸಿಪಾಯಿಗಳ ಅಂಗಿ ಕೆಂಪಾದ್ದರಿಂದ ಪೋಲೀಸರಿಗೆ ನೀಲಿ ಕೋಟು. ತಲೆಗೆ ಎಲ್ಲ ಗೃಹಸ್ಥರೂ ಹಾಕುವಂಥ ಎತ್ತರದ ಟೋಪಿ. ಕತ್ತಿಯಿಲ್ಲ, ಬಂದೂಕವಿಲ್ಲ; ಒಂದು ಗಿಡ್ಡ ದೊಣ್ಣೆ, ಅದೂ ಕೋಟಿನೊಳಗೆ ಅಡಗಿರಬೇಕು. ಸಹಾಯಕ್ಕೆ ಕರೆಯಲು ಮರದ ಗಿಲಕಿ. ಕೊರಳಪಟ್ಟಿಯ ಮೇಲೆ ಮಾತ್ರ ಎಲ್ಲರಿಗೂ ಕಾಣುವಂತೆ ಅಕ್ಷರ ಮತ್ತು ನಂಬರು. ಇದನ್ನು ಅಲಂಕಾರವೆಂದು ತಿಳಿಯಬೇಡಿ. ಪೇದೆಯ ಹೆಸರು ಗೊತ್ತಿಲ್ಲದ ಬಡವನೂ ನಂಬರು ನೋಡಿಕೊಂಡು ದೂರು ಹೇಳಬಹುದು.

ದಿನಕ್ಕೆ ಮೂರು ಷಿಲಿಂಗು ಸಂಬಳ. ಇಷ್ಟು ಕಡಮೆ ಸಂಬಳಕ್ಕೆ ಒಳ್ಳೆಯವರು ಬರುವರೇ ಎಂದು ಕೇಳಿದವರಿಗೆ, ದೊಡ್ಡ ಮನುಷ್ಯರು ತನಗೆ ಬೇಕಾಗಿಲ್ಲವೆಂದು ಪೀಲ್ ಉತ್ತರ ಕೊಟ್ಟನು. ತಾನು ಈ ಕೆಲಸಕ್ಕಿಂತ ಮೇಲಿನವನೆಂದು ತಿಳಿದವನು ಕೆಲಸ ಮಾಡುವುದಿಲ್ಲವೆಂಬುದು ಅವನ ಅಭಿಪ್ರಾಯ. ಅಪರಾಧ ನಡೆಯದಂತೆ ತಡೆಯುವುದೇ ಮುಖ್ಯ ಕರ್ತವ್ಯ, ಎಲ್ಲ ದರ್ಜೆಯ ಜನರೊಡನೆಯೂ ಮರ್ಯಾದೆಯಿಂದ ನಡೆದುಕೊಳ್ಳಬೇಕು, ಕೋಪವನ್ನು ಹಿಡಿತದಲ್ಲಿಟ್ಟುಕೊಳ್ಳುವುದೇ ಪೋಲೀಸಿನವನಿಗೆ ಬೇಕಾದ ಮೊದಲ ಯೋಗ್ಯತೆ ಎಂದು ಕೈಪಿಡಿಯಲ್ಲಿ ಅಚ್ಚಾಗಿತ್ತು. ಇಲ್ಲಿ ಒಂದು ಮಾತು. ‘ಪೀಲನ ಒಂಬತ್ತು ಸೂತ್ರಗಳು’ ಎಂದು ಇಂದು ಲೋಕದ ಪೋಲೀಸು ಶಾಲೆಗಳಲ್ಲೆಲ್ಲ ಕಲಿಸುವ ಪಟ್ಟಿಯೊಂದುಂಟು. ಅದು ೧೮೨೯ರ ಯಾವ ಕಾಗದದಲ್ಲಿಯೂ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಚಾರ್ಲ್ಸ್ ರೀತ್ ಎಂಬ ಇತಿಹಾಸಕಾರನು ಹೊಂದಿಸಿದ್ದು ಅದು. ಪೀಲನ ಬಾಯಲ್ಲಿ ಸುಭಾಷಿತ ಹುಡುಕುವುದಕ್ಕಿಂತ ಅವನ ಕಮೀಷನರುಗಳು ಏನು ಮಾಡಿದರೆಂದು ನೋಡುವುದು ಮೇಲು.

ಅವರು ಮಾಡಿದ್ದು ಮುಖ್ಯವಾಗಿ ಒಂದು: ತಮ್ಮವರನ್ನೇ ಮನೆಗೆ ಕಳುಹಿಸಿದರು. ಪಡೆಯ ಮೊದಲನೆಯ ನಂಬರಿನ ಪೇದೆಯೇ ಕೆಲಸಕ್ಕೆ ಸೇರಿದ ಕೆಲವು ಗಂಟೆಗಳಲ್ಲಿ ಕುಡಿದು ಸಿಕ್ಕಿಬಿದ್ದು ವಜಾ ಆದನು! ಕುಡಿತ, ಗಸ್ತಿನಲ್ಲಿ ನಿದ್ದೆ, ಸುಮ್ಮನೆ ಹೋಗುವವರ ಮೇಲೆ ಕೈಮಾಡುವುದು, ಮಾಮೂಲು ಪಡೆಯುವುದು, ಇವಕ್ಕೆಲ್ಲ ಒಂದೇ ಮದ್ದು. ಕೆಲವೇ ವರ್ಷಗಳಲ್ಲಿ ಮೊದಲ ತಂಡದವರಲ್ಲಿ ಬಹುಪಾಲು ಮಂದಿ ಒಂದೋ ತೆಗೆದುಹಾಕಲ್ಪಟ್ಟಿದ್ದರು, ಇಲ್ಲವೇ ತಾವಾಗಿಯೇ ಬಿಟ್ಟುಹೋಗಿದ್ದರು. ವೈಟ್‌ಹಾಲಿನ ಕಚೇರಿಗೆ ಯಾರಾದರೂ ದೂರು ತಂದರೆ ಅದು ಕಮೀಷನರುಗಳ ಮುಂದೆಯೇ ಬರುತ್ತಿತ್ತು. ಹೀಗೆ ವರ್ಷ ವರ್ಷವೂ ಜನರನ್ನು ಹೊರಹಾಕಿದರೆ ಪಡೆಯ ಹೆಸರು ಕೆಡುವುದಿಲ್ಲವೇ ಎಂದು ಯಾರಿಗಾದರೂ ತೋರಬಹುದು. ತಪ್ಪನ್ನು ಮುಚ್ಚಿಟ್ಟು ಹೆಸರು ಉಳಿಸಿಕೊಳ್ಳುವ ವಿದ್ಯೆಯನ್ನು ಅವರು ಕಲಿಯಲಿಲ್ಲವೆಂದೇ ನನಗೆ ತೋರುತ್ತದೆ. ಕಡೆಯ ಪಕ್ಷ ಮೊದಲ ದಶಕದಲ್ಲಿ ಕಲಿಯಲಿಲ್ಲ.

ಜನ ಮಾತ್ರ ಇದಕ್ಕೆ ಮರುಳಾಗಲಿಲ್ಲ. ‘ಪೀಲನ ರಕ್ತಪಿಪಾಸು ಗುಂಪು’, ‘ನೀಲಿ ಸೀಗಡಿಗಳು’ ಎಂದು ಬೀದಿ ಬೀದಿಯಲ್ಲಿ ಕರಪತ್ರಗಳು ಹಾರಾಡಿದವು. ಕೇರಿಯವರಿಗೆ ಇನ್ನೊಂದು ಸಂಕಟ: ಪಡೆಯ ಮೇಲೆ ತಮಗೆ ಅಧಿಕಾರವಿಲ್ಲ, ಅದರ ಖರ್ಚಿನ ತೆರಿಗೆ ಮಾತ್ರ ತಮ್ಮ ತಲೆಯ ಮೇಲೆ! ೧೮೩೦ರಲ್ಲಿ ಜೋಸೆಫ್ ಗ್ರಾಂಥಮ್ ಎಂಬ ಪೇದೆ ಬೀದಿಜಗಳವೊಂದನ್ನು ಬಿಡಿಸಲು ಹೋಗಿ ಒದೆ ತಿಂದು ಸತ್ತನು. ಮರಣ ವಿಚಾರಣೆಯ ಪಂಚರು ಅದನ್ನು ನ್ಯಾಯಸಮ್ಮತವಾದ ಕೊಲೆಯೆಂದರು. ಇದು ಮುನ್ಸೂಚನೆಯಷ್ಟೇ.

೧೮೩೩ರ ಮೇ ೧೩. ಮತಾಧಿಕಾರ ಬೇಕೆಂದು ಹೋರಾಡುತ್ತಿದ್ದ ಶ್ರಮಜೀವಿಗಳ ಸಂಘವೊಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬ ಬಯಲಿನಲ್ಲಿ ಸಭೆ ಕರೆಯಿತು. ಸಭೆ ಕೂಡದೆಂದು ಸರ್ಕಾರ ಗೋಡೆಗಳ ಮೇಲೆ ನೋಟೀಸು ಹಚ್ಚಿಸಿತು. ಆದರೆ ಅದಕ್ಕೆ ಯಾವ ಅಧಿಕಾರಿಯ ರುಜುವೂ ಇರಲಿಲ್ಲ. ಸಭೆ ಕೂಡಿತು. ನೂರಾರು ಪೋಲೀಸರು ದೊಣ್ಣೆ ಬೀಸುತ್ತ ಅಕ್ಕಪಕ್ಕದ ಓಣಿಗಳಿಂದ ನುಗ್ಗಿದರು. ಓಡಲು ದಾರಿಯಿಲ್ಲದೆ ಸಿಕ್ಕಿಕೊಂಡವರಿಗೂ, ಸುಮ್ಮನೆ ನೋಡಲು ನಿಂತವರಿಗೂ ಏಟು ಬಿದ್ದವು. ಆ ನೂಕುನುಗ್ಗಲಿನಲ್ಲಿ ಮೂವರು ಪೋಲೀಸರಿಗೆ ಇರಿತವಾಯಿತು. ಅವರಲ್ಲಿ ರಾಬರ್ಟ್ ಕಲ್ಲಿ ಎಂಬ ಪೇದೆ ತೂರಾಡುತ್ತ ಹತ್ತಿರದ ಕ್ಯಾಲ್ತೋರ್ಪ್ ಆರ್ಮ್ಸ್ ಎಂಬ ಪಾನಗೃಹದವರೆಗೆ ಬಂದು ಅಲ್ಲಿಯೇ ಪ್ರಾಣಬಿಟ್ಟನು. ಮನೆಯಲ್ಲಿ ಅವನ ಹೆಂಡತಿ ಗರ್ಭಿಣಿ.

ಮರಣ ವಿಚಾರಣೆಯೂ ಅದೇ ಪಾನಗೃಹದಲ್ಲಿ ನಡೆಯಿತು. ಹದಿನೇಳು ಮಂದಿ ಪಂಚರು, ಹೆಚ್ಚಿನವರು ಅದೇ ನೆರೆಯ ವ್ಯಾಪಾರಿಗಳು; ಅವರ ಮುಖ್ಯಸ್ಥನು ರೊಟ್ಟಿ ಮಾಡುವವನು. ಇವರು ಗಲಭೆಕೋರರಲ್ಲ, ತೆರಿಗೆ ಕಟ್ಟುವ ಅಂಗಡಿಕಾರರು ಎಂಬುದನ್ನು ಗಮನಿಸಬೇಕು. ದಿನಗಟ್ಟಲೆ ಸಾಕ್ಷ್ಯ ಕೇಳಿ ಅವರು ಕೊಟ್ಟ ತೀರ್ಪು ಇದು: ಚದುರಿ ಹೋಗಿರೆಂದು ಕಾನೂನಿನ ಪ್ರಕಾರ ಓದಿ ಹೇಳಬೇಕಾಗಿದ್ದ ಎಚ್ಚರಿಕೆಯನ್ನು ಯಾರೂ ಓದಲಿಲ್ಲ, ಜನರು ಏನೂ ಮಾಡದಿದ್ದರೂ ಪೋಲೀಸರು ಕ್ರೂರವಾಗಿ ವರ್ತಿಸಿದರು, ಆದುದರಿಂದ ಕಲ್ಲಿಯ ಸಾವು ನ್ಯಾಯಸಮ್ಮತವಾದ ಕೊಲೆ. ವಿಚಾರಣಾಧಿಕಾರಿ ದಿಗ್ಭ್ರಮೆಗೊಂಡು ತೀರ್ಪನ್ನು ಬದಲಾಯಿಸಿರೆಂದು ಹೇಳಿ ನೋಡಿದನು. ಅವರು ಒಪ್ಪಲಿಲ್ಲ. ಹೊರಗೆ ಕಾದಿದ್ದ ಜನ ಪಂಜಿನ ಬೆಳಕಿನಲ್ಲಿ ಅವರನ್ನು ಮನೆಗೆ ಮುಟ್ಟಿಸಿದರು. ಆಮೇಲೆ ಔತಣಗಳು, ಥೇಮ್ಸ್ ನದಿಯಲ್ಲಿ ದೋಣಿವಿಹಾರ, ಪ್ರತಿಯೊಬ್ಬನಿಗೂ ಸ್ಮಾರಕ ಪದಕ. ಸರ್ಕಾರ ಮೇಲಿನ ಕೋರ್ಟಿಗೆ ಹೋಗಿ ತೀರ್ಪನ್ನು ರದ್ದು ಮಾಡಿಸಿತು. ಜನರ ಮನಸ್ಸಿನಲ್ಲಿದ್ದುದನ್ನು ಯಾವ ಕೋರ್ಟು ರದ್ದು ಮಾಡೀತು?

ಈ ಮೆರವಣಿಗೆಯ ವರ್ಣನೆಯನ್ನು ಓದುವಾಗಲೆಲ್ಲ ನನಗೆ ಕಲ್ಲಿಯ ಹೆಂಡತಿಯ ನೆನಪಾಗುತ್ತದೆ. ಅವಳ ಗಂಡ ಯಾರಿಗೆ ಹೊಡೆದನೋ, ಹೊಡೆದನೋ ಇಲ್ಲವೋ, ಯಾರೂ ಕೇಳಲಿಲ್ಲ. ನೀಲಿ ಕೋಟು ತೊಟ್ಟಿದ್ದನು, ಅಷ್ಟೇ. ಮೇಲಿನವರ ಅವಿವೇಕಕ್ಕೆ ದಿನಕ್ಕೆ ಮೂರು ಷಿಲಿಂಗಿನ ಮನುಷ್ಯ ಪ್ರಾಣ ತೆತ್ತನು. ಸರ್ಕಾರ ಅವಳಿಗೆ ೨೦೦ ಪೌಂಡು ಕೊಟ್ಟಿತು.

ಅದೇ ಬೇಸಗೆಯಲ್ಲಿ ಎರಡನೆಯ ಹಗರಣ ಬಯಲಿಗೆ ಬಂದಿತು. ವಿಲಿಯಂ ಪೋಪೆ ಎಂಬ ಪೋಲೀಸು ಸಾರ್ಜೆಂಟು ಮಫ್ತಿಯಲ್ಲಿ, ತಾನೊಬ್ಬ ಬಡ ಚಿತ್ರಕಾರನೆಂದು ಹೇಳಿಕೊಂಡು ಇದೇ ಸಂಘದ ಶಾಖೆಯೊಂದನ್ನು ಸೇರಿದ್ದನು. ಎಲ್ಲರಿಗಿಂತ ಬಿಸಿಯಾಗಿ ಮಾತಾಡಿ ಇತರರನ್ನು ಕೆಣಕುತ್ತ, ಅವರು ಆಡಿದ್ದನ್ನೆಲ್ಲ ಠಾಣೆಗೆ ಮುಟ್ಟಿಸುತ್ತಿದ್ದನು. ಸಂಘದವನೊಬ್ಬನು ಠಾಣೆಯಲ್ಲಿ ಅವನನ್ನು ಕಂಡು ಗುರುತಿಸಿದಾಗ ಗುಟ್ಟು ರಟ್ಟಾಯಿತು. ಹಾಗಾದರೆ ಫೂಷೆಯ ಭೂತ ಬಂದೇಬಿಟ್ಟಿತಲ್ಲ ಎಂದರು ಜನ. ವಿಲಿಯಂ ಕಾಬೆಟ್ ಅವರ ಅರ್ಜಿಯನ್ನು ಪಾರ್ಲಿಮೆಂಟಿನ ಮುಂದಿಟ್ಟನು.

ಈ ಎರಡು ಪ್ರಕರಣಗಳಿಂದಲೇ ಕಥೆ ತಿರುಗಿತೆಂಬುದು ನನ್ನ ಎಣಿಕೆ. ಪಾರ್ಲಿಮೆಂಟು ಎರಡಕ್ಕೂ ಒಂದೊಂದು ಸಮಿತಿಯನ್ನು ನೇಮಿಸಿತು. ದೂರು ಕೊಟ್ಟ ಕೂಲಿಕಾರರೂ, ಪೇದೆಗಳೂ, ಕಮೀಷನರುಗಳೂ ಒಂದೇ ಮೇಜಿನ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಹೇಳಿಕೆಗಳೆಲ್ಲ ಅಚ್ಚಾಗಿ ಹೊರಬಂದವು. ಕೋಲ್ಡ್‌ಬಾತ್ ವಿಷಯದಲ್ಲಿ ಸಮಿತಿ ಪೋಲೀಸರ ಕಡೆಗೇ ವಾಲಿತು, ನಿಜ. ಪೋಪೆಯ ನಡತೆಯನ್ನು ಮಾತ್ರ ಖಂಡಿಸಿತು; ಅವನ ಕೆಲಸ ಹೋಯಿತು. ಕಮೀಷನರುಗಳು ಈ ಪೆಟ್ಟನ್ನು ಮರೆಯಲಿಲ್ಲ. ಮಫ್ತಿಯ ಪತ್ತೇದಾರರ ಸಣ್ಣ ಶಾಖೆಯೊಂದನ್ನು ತೆರೆಯಲು ಅವರಿಗೆ ಮತ್ತೆ ಧೈರ್ಯ ಬಂದುದು ೧೮೪೨ರಲ್ಲಿ, ಅದೂ ಎಂಟೇ ಜನರನ್ನಿಟ್ಟುಕೊಂಡು. ಗಸ್ತಿನ ಪೋಲೀಸಿನವನು ಕೆಲಸದ ಮೇಲಿದ್ದಾನೆಂದು ಎಲ್ಲರಿಗೂ ತಿಳಿಯುವಂತೆ ತೋಳಿಗೆ ಪಟ್ಟಿ ಕಟ್ಟಬೇಕೆಂಬ ನಿಯಮವೂ ಇತ್ತು. ೧೮೩೪ರಲ್ಲಿ ಇನ್ನೊಂದು ಸಮಿತಿ ಪಡೆಯ ಕೆಲಸವನ್ನೆಲ್ಲ ಪರೀಕ್ಷಿಸಿ ಮೆಚ್ಚುಗೆಯ ವರದಿ ಕೊಟ್ಟಿತು. ಹನ್ನೆರಡು ವರ್ಷಗಳ ಹಿಂದೆ ಪೋಲೀಸೇ ಬೇಡವೆಂದಿದ್ದ ಅದೇ ಪಾರ್ಲಿಮೆಂಟು!

ನಂಬಿಕೆ ಎಲ್ಲ ಕಡೆಗೂ ಸಮನಾಗಿ ಹರಡಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಅಂಗಡಿಕಾರರ ಬೀದಿಗೆ ಅದು ಬೇಗ ಬಂದಿತು. ಬಡವರ ಗಲ್ಲಿಗಳಿಗೆ ಬಹಳ ತಡವಾಗಿ. ೧೮೫೫ರಲ್ಲಿ ಹೈಡ್ ಪಾರ್ಕಿನಲ್ಲಿ ಮತ್ತೆ ದೊಣ್ಣೆ ಬೀಸಿದರು, ಮತ್ತೆ ವಿಚಾರಣಾ ಆಯೋಗ ಕುಳಿತಿತು, ಮತ್ತೆ ಕೆಲವರಿಗೆ ಶಿಕ್ಷೆಯಾಯಿತು. ೧೮೭೭ರಲ್ಲಿ ಪತ್ತೇದಾರ ಶಾಖೆಯ ಅಧಿಕಾರಿಗಳೇ ವಂಚಕರೊಡನೆ ಸೇರಿಕೊಂಡು ಕಟಕಟೆ ಹತ್ತಿದರು.

ಗಳಿಸಿದ್ದನ್ನು ಕಳೆದುಕೊಳ್ಳುವುದೂ ಸಾಧ್ಯವೆಂದು ನಮ್ಮ ಕಾಲ ತೋರಿಸಿದೆ. ೧೯೮೧ರ ಏಪ್ರಿಲಿನಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ಮಫ್ತಿಯ ಪೋಲೀಸರು ಆರು ದಿನಗಳಲ್ಲಿ ೯೪೩ ಜನರನ್ನು ತಡೆದು ನಿಲ್ಲಿಸಿದರು. ಅವರಲ್ಲಿ ಬಹುಮಂದಿ ಕರಿಯ ತರುಣರು. ಕೇರಿಗೆ ಕೇರಿಯೇ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಸ್ಕಾರ್ಮನ್ ವಿಚಾರಣೆ ನಡೆಸಿದ ಮೇಲೆ, ೧೯೮೪ರ ಕಾಯಿದೆಯಲ್ಲಿ, ತಡೆದು ಶೋಧಿಸಿದರೆ ಕಾರಣ ಬರೆದಿಡಬೇಕೆಂದಾಯಿತು. ೨೦೦೯ರಲ್ಲಿ ಪ್ರತಿಭಟನೆಯ ನಡುವೆ ಮನೆಗೆ ಹೋಗುತ್ತಿದ್ದ ಪತ್ರಿಕೆ ಮಾರುವವನೊಬ್ಬನನ್ನು ಪೋಲೀಸಿನವನು ಹೊಡೆದು ನೂಕಿದನು, ಅವನು ಸತ್ತನು. ಆ ದಿನ ಕೆಲವು ಪೋಲೀಸರು ಭುಜದ ನಂಬರನ್ನು ಮರೆಮಾಡಿಕೊಂಡಿದ್ದರೆಂಬ ಆಕ್ಷೇಪವೂ ಬಂದಿತು. ೧೮೨೯ರ ಕೊರಳಪಟ್ಟಿಯ ನಂಬರು ನೆನಪಿದೆಯಷ್ಟೇ? ಇಲ್ಲಿಯೂ ಮರಣ ವಿಚಾರಣೆಯ ಪಂಚರೇ, ೨೦೧೧ರಲ್ಲಿ, ಅದು ಕಾನೂನುಬಾಹಿರವಾದ ಕೊಲೆಯೆಂದರು. ಮರುವರ್ಷ ಕ್ರಿಮಿನಲ್ ಕೋರ್ಟು ಆ ಪೋಲೀಸಿನವನನ್ನು ಬಿಡುಗಡೆ ಮಾಡಿತು. ಇಲಾಖೆ ಕೆಲಸದಿಂದ ತೆಗೆಯಿತು. ೨೦೨೧ರಲ್ಲಿ ಅದೇ ಪಡೆಯ ಪೇದೆಯೊಬ್ಬನು ತನ್ನ ಗುರುತುಚೀಟಿ ತೋರಿಸಿ ಯುವತಿಯೊಬ್ಬಳನ್ನು ಅಪಹರಿಸಿ ಕೊಂದನು. ಅದರ ತರುವಾಯ ನಡೆದ ಲೂಯೀಸ್ ಕೇಸಿಯವರ ಪರಿಶೀಲನೆ, ವರ್ಣದ್ವೇಷ ಮತ್ತು ಸ್ತ್ರೀದ್ವೇಷಗಳು ಪಡೆಯ ವ್ಯವಸ್ಥೆಯಲ್ಲಿಯೇ ಬೇರುಬಿಟ್ಟಿವೆಯೆಂದು ೨೦೨೩ರಲ್ಲಿ ಬರೆಯಿತು.

ಇನ್ನು ನಮ್ಮ ಕಡೆಗೆ ಬರೋಣ. ಇಂಗ್ಲಿಷರು ಆಳುತ್ತಿದ್ದ ನಮ್ಮ ನಾಡಿಗೆ ಲಂಡನ್ನಿನ ಈ ಪೋಲೀಸು ಬಂದಿತೇ? ಬರಲಿಲ್ಲ. ಬಂದುದು ಐರ್ಲೆಂಡಿನದು. ಪೀಲ್ ಐರ್ಲೆಂಡಿನಲ್ಲಿ ಹಾಕಿದ ಬೀಜ ಮುಂದೆ ಬೆಳೆದು, ಬಂದೂಕು ಹಿಡಿದ, ಬ್ಯಾರಕ್ಕುಗಳಲ್ಲಿ ವಾಸಿಸುವ, ಮೇಲಿನವರಿಗೆ ಮಾತ್ರ ಉತ್ತರ ಹೇಳುವ ಪಡೆಯಾಯಿತು. ಒಬ್ಬನೇ ಮನುಷ್ಯ ತನ್ನ ನೆರೆಹೊರೆಗೆ ಒಂದು ಬಗೆಯ ಪೋಲೀಸನ್ನೂ ಗೆದ್ದ ನಾಡಿಗೆ ಇನ್ನೊಂದು ಬಗೆಯದನ್ನೂ ಕೊಟ್ಟನು. ೧೮೪೩ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಈ ಐರಿಷ್ ಮಾದರಿಯನ್ನು ಅಲ್ಲಿಗೆ ತಂದನು.

ಮದರಾಸು ಪ್ರಾಂತದಲ್ಲಿ ಆಗ ಕಂದಾಯ ವಸೂಲಿ ಮಾಡುವವರೇ ಪೋಲೀಸರು. ನಮ್ಮ ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆ ಪ್ರಾಂತಕ್ಕೇ ಸೇರಿದ್ದವು. ಕಂದಾಯ ಬಾಕಿಯಿದ್ದರೆ ಬೆರಳುಗಳನ್ನು ಕಿಟ್ಟಿಯಲ್ಲಿ ಹಿಂಡುವುದು, ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ರೂಢಿಯಾಗಿತ್ತು. ೧೮೫೪ರಲ್ಲಿ ಈ ಹಿಂಸೆಯ ವಿಚಾರಣೆಗೆಂದು ಆಯೋಗವೊಂದು ಕುಳಿತಾಗ, ಎರಡು ಸಾವಿರಕ್ಕೆ ಹತ್ತಿರ ದೂರುಗಳು ಬಂದವು. ಕೆಲವರು ನೂರಾರು ಮೈಲಿ ದೂರದಿಂದ ಬಂದಿದ್ದರು. ಕೇಳುವವರಿದ್ದಾರೆಂಬ ಸುದ್ದಿ ತಿಳಿದ ಕೂಡಲೇ ಬಂದರೆಂಬುದನ್ನು ನೋಡಿ. ನಮ್ಮ ಜನ ದೂರು ಕೊಡುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಆಯೋಗ ೧೮೫೫ರಲ್ಲಿ ವರದಿ ಕೊಟ್ಟು ಎದ್ದುಹೋಯಿತು. ಹಾಗೆ ಕುಳಿತು ಕೇಳುವ ಏರ್ಪಾಡು ಮಾತ್ರ ಶಾಶ್ವತವಾಗಿ ಉಳಿಯಲಿಲ್ಲ.

೧೮೬೧ರ ಪೋಲೀಸು ಕಾಯಿದೆ ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸುವ ಮಾದರಿಯನ್ನು ದೇಶದ ಬಹುಭಾಗಕ್ಕೆ ತಂದಿತು. ಪೇದೆ ಇನ್‌ಸ್ಪೆಕ್ಟರಿಗೆ, ಇನ್‌ಸ್ಪೆಕ್ಟರು ಸೂಪರಿಂಟೆಂಡೆಂಟಿಗೆ, ಅವನು ಮ್ಯಾಜಿಸ್ಟ್ರೇಟನಿಗೆ ಉತ್ತರ ಹೇಳಬೇಕು. ಊರಿನವರಿಗೆ ಯಾರೂ ಹೇಳಬೇಕಾಗಿಲ್ಲ. ಊರಿನಲ್ಲಿ ಗಲಭೆಯಾದರೆ ಹೆಚ್ಚಿನ ಪೋಲೀಸನ್ನು ತಂದಿಟ್ಟು ಅದರ ಖರ್ಚನ್ನು ಊರಿನವರಿಂದಲೇ ಎತ್ತಬಹುದೆಂದೂ ಆ ಕಾಯಿದೆಯಲ್ಲಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದ ಪುಂಡುಗಂದಾಯದ ಮಾತನ್ನು ಹಿರಿಯರಿಂದ ಕೇಳಿದವರಿಗೆ ಇದರ ರುಚಿ ಗೊತ್ತು. ೧೯೦೨-೦೩ರಲ್ಲಿ ಆಂಡ್ರ್ಯೂ ಫ್ರೇಸರನ ಅಧ್ಯಕ್ಷತೆಯ ಆಯೋಗ, ಈ ಪೋಲೀಸು ಲಂಚಕೋರ, ದಬ್ಬಾಳಿಕೆಯದು, ಜನರ ವಿಶ್ವಾಸವನ್ನು ಪಡೆಯಲಾರದೆ ಹೋಗಿದೆ ಎಂದು ಸರ್ಕಾರಕ್ಕೇ ತಿಳಿಸಿತು.

ಬೆಂಗಳೂರಿಗೆ ೧೯೬೩ರಲ್ಲಿ ಪೋಲೀಸು ಕಮೀಷನರ ಹುದ್ದೆ ಬಂದಿತು. ಪೋಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟು ೨೦೦೬ರಲ್ಲಿ ಆಜ್ಞೆ ಮಾಡಿತು. ೨೦೧೨ರಲ್ಲಿ ನಮ್ಮ ರಾಜ್ಯದ ಕಾಯಿದೆಗೆ ತಿದ್ದುಪಡಿಯಾಗಿ ಅದಕ್ಕೆ ಸ್ಥಾನ ದೊರಕಿತು. ಅಂದರೆ ಕಮೀಷನರಿಗೂ ದೂರಿನ ಕಟ್ಟೆಗೂ ನಡುವೆ ಸುಮಾರು ಐವತ್ತು ವರ್ಷ. ಲಂಡನ್ನಿನಲ್ಲಿ ಹೊಸ ಪೋಲೀಸು ಹುಟ್ಟಿದಂದಿನಿಂದ ಪಾರ್ಲಿಮೆಂಟಿನ ಮುಂದೆ ನಿಂತು ಉತ್ತರ ಹೇಳುವವರೆಗೆ ಆದುದು ನಾಲ್ಕು ವರ್ಷ.

ಕಡೆಗೆ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಆರೋಪಿ ಪೋಲೀಸಿನವನ ಮುಂದೆ ತಾನಾಗಿ ಒಪ್ಪಿಕೊಂಡ ತಪ್ಪನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹೇಳಬಹುದು. ನಮ್ಮಲ್ಲಿ ಹಾಗಿಲ್ಲ. ಹೊಡೆದು ಒಪ್ಪಿಸಿರಬಹುದೆಂಬ ಭಯದಿಂದ, ಪೋಲೀಸು ಅಧಿಕಾರಿಗೆ ಹೇಳಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಿಲ್ಲುವುದಿಲ್ಲವೆಂದು ೧೮೬೧ರಲ್ಲಿಯೇ ನಿಯಮವಾಯಿತು. ೧೮೭೨ರ ಸಾಕ್ಷ್ಯ ಕಾಯಿದೆಯಲ್ಲಿ ಅದು ೨೫ನೆಯ ಪ್ರಕರಣವಾಗಿ ಸೇರಿತು. ೨೦೨೪ರ ಜುಲೈ ೧ರಂದು ಆ ಹಳೆಯ ಕಾಯಿದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿತು. ಹೊಸ ಪುಸ್ತಕದಲ್ಲಿ ಆ ಮಾತು ೨೩ನೆಯ ಪ್ರಕರಣದಲ್ಲಿದೆ.